ಪರಮೇಶನ ಬಳಿ ಇದ್ದ ಕಾರ್ಡು

ಹೊನ್ನಾಳಿಯಿಂದ ಚನ್ನಗಿರಿಗೆ ಓಡಾಡುವ ಖಾಸಗಿ ಬಸ್ಸೊಂದರಲ್ಲಿ ಪ್ರಸನ್ನಕುಮಾರ್ ಹನ್ನೊಂದು ವರ್ಷದಿಂದ ಕಂಡಕ್ಟರ್ ಆಗಿದ್ದ. ರಜೆಯ ದಿನ ಬೆಳಗ್ಗೆ ಮುಖ ತೊಳೆಯಲು ಹೋದವನು ಬಚ್ಚಲ ಬಾಗಿಲಲ್ಲೇ ರಕ್ತ ವಾಂತಿ ಮಾಡಿಕೊಂಡು ಕುಸಿದ. ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಹೆಂಡತಿ ರುದ್ರಾಣಿ ಎದ್ದು ಓಡಿದಳು. ಪಕ್ಕದ ಮನೆಯವರ ಆಟೋದಲ್ಲಿ ಅವನನ್ನು ಆಸ್ಪತ್ರೆಗೆ ತಂದಳು.

ಡಾಕ್ಟರ್ ಕಾವ್ಯಶ್ರೀ ಅವನ ಹೊಟ್ಟೆ ಒತ್ತಿ, ಹಳದಿಗಟ್ಟಿದ ಕಣ್ಣುಗಳನ್ನು ನೋಡಿದರು.

“ಮುಂಚೆ ಎಲ್ಲಾದರೂ ಟೆಸ್ಟ್ ಮಾಡಿಸಿದ್ರಾ?”

“ಇಲ್ಲ ಮೇಡಂ. ಗ್ಯಾಸ್ಟ್ರಿಕ್ ಅಂತಿದ್ರು, ಅಷ್ಟೇ.”

ರುದ್ರಾಣಿಯ ಕೈಯಲ್ಲಿ ಗಂಡನ ಫೋನಿತ್ತು. ಅದರ ಪಾಸ್‌ವರ್ಡ್ ಅವಳಿಗೆ ಗೊತ್ತು. ದಿನಾ ಸಂಜೆ ಅದರಲ್ಲೇ ಧಾರಾವಾಹಿ ನೋಡುತ್ತಿದ್ದಳು. ಡಾಕ್ಟರ್ ಅದರಲ್ಲಿದ್ದ ಒಂದು ಚಿತ್ರವನ್ನು ಬೆರಳಿಟ್ಟು ತೋರಿಸಿದರು. “ಇದು ಲ್ಯಾಬಿನ ಆಪ್. ರಿಪೋರ್ಟ್ ಇದ್ದರೆ ಇದರಲ್ಲೇ ಇರುತ್ತೆ.”

ಒತ್ತಿದರೆ ಒಂದು ಸಾಲು ಮೂಡಿತು: ‘ಇದು ನೀವೇ ಎಂದು ಖಚಿತಪಡಿಸಲು ನಿಮ್ಮ ಬ್ಯಾಂಕ್ ಕಾರ್ಡನ್ನು ಫೋನಿನ ಹಿಂಬದಿಗೆ ತಾಗಿಸಿ.’

“ದುಡ್ಡು ಯಾಕೆ ಕೇಳ್ತೈತೆ ಮೇಡಂ?”

“ದುಡ್ಡಿಗಲ್ಲಮ್ಮ. ಕಾರ್ಡಿನ ಚಿಪ್ ನೋಡಿ ಇವರೇ ಅಂತ ಗುರುತು ಹಿಡಿಯುತ್ತೆ. ಕಾರ್ಡೇ ಇದಕ್ಕೆ ಬೀಗದ ಕೀ.”

ಗಂಡನ ಪರ್ಸಿನಲ್ಲಿ ಕಾರ್ಡು ಇರಲಿಲ್ಲ. ಬಸ್ಸಿನಲ್ಲೇನಾದರೂ ಬಿಟ್ಟನೇನೋ ಎಂದು ಅವಳು ಡ್ರೈವರ್ ಪರಮೇಶನಿಗೆ ಫೋನ್ ಮಾಡಿದಳು.

“ನನ್ನತ್ರಾನೇ ಐತೆ ಅತ್ತಿಗೆ. ತರ್ತೀನಿ.”

ನ್ಯಾಮತಿಯಿಂದ ಬೈಕಿನಲ್ಲಿ ಬಂದ ಪರಮೇಶ ಅವಳ ಮುಖ ನೋಡದೆ ಕಾರ್ಡನ್ನು ಡಾಕ್ಟರ ಕೈಗೆ ಕೊಟ್ಟ. ಅವರು ಅದನ್ನು ಫೋನಿಗೆ ತಾಗಿಸಿದರು. ಫೋನು ಒಮ್ಮೆ ನಡುಗಿ, ಪ್ರಸನ್ನಕುಮಾರನ ಹೆಸರು ತೋರಿಸಿ ತೆರೆದುಕೊಂಡಿತು. ಸಾಲಾಗಿ ರಿಪೋರ್ಟುಗಳು. ಮೊದಲನೆಯದು ಎಂಟು ತಿಂಗಳ ಹಿಂದಿನದು.

ಡಾಕ್ಟರ್ ಓದಿ ಮುಗಿಸಿ ರುದ್ರಾಣಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಲಿವರ್ ಕ್ಯಾನ್ಸರ್. ಮೊದಲ ಸಲ ಗೊತ್ತಾದಾಗಲೇ ಬೇರೆ ಕಡೆಗೂ ಹರಡಿತ್ತು.

“ನಿಂಗೆ ಗೊತ್ತಿತ್ತಾ?” ರುದ್ರಾಣಿ ಪರಮೇಶನತ್ತ ತಿರುಗಿದಳು.

“ಆಣೆ ಹಾಕಿಸ್ಕೊಂಡಿದ್ದ ಅತ್ತಿಗೆ. ಕಾರ್ಡು ಮನ್ಯಾಗಿದ್ರೆ ಒಂದಿನ ನೀವು ತೆಗೆದು ನೋಡಿಬಿಡ್ತೀರಿ ಅಂತ ನನ್ ಕೈಗೆ ಕೊಟ್ಟಿದ್ದ.”

ಮರುದಿನ ಮಧ್ಯಾಹ್ನ ಪ್ರಸನ್ನಕುಮಾರ್ ಕಣ್ಣು ಬಿಟ್ಟ. ಮಂಚದ ಪಕ್ಕ ಕೂತಿದ್ದ ಹೆಂಡತಿಯ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು.

“ಪರಮೇಶ ಬಂದಿದ್ನಾ?”

“ಬಂದಿದ್ದ. ನಂಗೊಂದು ಮಾತು ಹೇಳಾಕೆ ಆಗ್ಲಿಲ್ವಾ ನಿಮಗೆ?”

“ನಿಮ್ಮಣ್ಣನ್ನ ಡಯಾಲಿಸಿಸ್‌ಗೆ ಕರ್ಕೊಂಡು ನೀನು ಎರಡು ವರ್ಷ ಓಡಾಡಿದಿ. ಅವನು ಹೋದ ಮ್ಯಾಲೂ ನಡುರಾತ್ರಿ ಎದ್ದು ಕೂರ್ತಿದ್ದಿ. ಆಗಷ್ಟೇ ನೆಟ್ಟಗೆ ಮಲಗಾಕೆ ಶುರು ಮಾಡಿದ್ದಿ ರುದ್ರಾ. ಅದನ್ನ ಹೆಂಗೆ ಕೆಡಸ್ಲಿ?”

“ನಿದ್ದೆ ಯಾರಿಗೆ ಬೇಕಿತ್ತು ರೀ?” ಅವಳ ದನಿ ಒಡೆಯಿತು. “ಊಟ ಬಿಟ್ಟಾಗೆಲ್ಲ ಬೈದೆ. ಬಸ್‌ಸ್ಟ್ಯಾಂಡಿನಾಗೆ ಮಂಡಕ್ಕಿ ತಿಂದು ಬಂದೀರಿ ಅಂತ ತಟ್ಟೆ ಕುಕ್ಕಿದೆ. ಗೊತ್ತಿದ್ರೆ ಬೈತಿದ್ನಾ?”

“ಅದಕ್ಕೇ ಹೇಳಲಿಲ್ಲ. ನೀನು ಬೈತಿದ್ರೆ ಮನೆ ಮನೆ ಥರಾನೇ ಇರ್ತಿತ್ತು.”

ಅವಳು ಅವನ ಕೈ ಹಿಡಿದುಕೊಂಡು ಅತ್ತಳು. ಸಿಟ್ಟು ಮಾತ್ರ ಇಳಿಯಲಿಲ್ಲ. ಎಂಟು ತಿಂಗಳು ಪಕ್ಕದಲ್ಲೇ ಮಲಗಿದ್ದವನ ನೋವು ತನಗೆ ತಿಳಿಯದೇ ಹೋಯಿತಲ್ಲ ಎಂಬ ಸಿಟ್ಟು. ಅದು ಅವನ ಮೇಲೋ ತನ್ನ ಮೇಲೋ ಅವಳಿಗೂ ಗೊತ್ತಿರಲಿಲ್ಲ. ಐದನೇ ದಿನ ಅವನು ತೀರಿಕೊಂಡ.

ಶಿವಗಣಾರಾಧನೆಯ ದಿನ ಬಂದವರೆಲ್ಲ ಉಂಡು ಹೋದರು. ಪರಮೇಶ ಊಟಕ್ಕೂ ಕೂರದೆ ಬೆಳಗ್ಗೆಯಿಂದ ಬೀದಿಯಲ್ಲೇ ನಿಂತಿದ್ದ. ರುದ್ರಾಣಿ ಬಾಗಿಲಿಗೆ ಬಂದು ಕರೆದಳು.

“ಒಳಗೆ ಬಾ.”

“ನನ್ನ ಬೈದುಬಿಡ್ರಿ ಅತ್ತಿಗೆ.”

“ಬೈಯಲ್ಲ. ಆ ಎಂಟು ತಿಂಗಳು ಅವರು ಏನಂದ್ರು, ಹೆಂಗಿದ್ರು, ಎಲ್ಲಾ ಹೇಳು. ನಾನಂತೂ ನೋಡ್ಲಿಲ್ಲ.”

ಪರಮೇಶ ಗೋಡೆಗೊರಗಿ ಕೂತ. ರಿಪೋರ್ಟ್ ಬಂದ ದಿನವೂ ಪ್ರಸನ್ನ ಎಂದಿನಂತೆ ಟಿಕೆಟ್ ಹರಿದಿದ್ದ. ಮುದುಕಿಯೊಬ್ಬಳ ಚೀಲ ಎತ್ತಿಕೊಟ್ಟು, ಸೀಟು ಬಿಡಿಸಿ ಕೂರಿಸಿದ್ದ. ಚನ್ನಗಿರಿಯಲ್ಲಿ ಜನವೆಲ್ಲ ಇಳಿದ ಮೇಲೆ ಹಿಂದಿನ ಸೀಟಿಗೆ ಹೋಗಿ ಕೂತು ಅತ್ತನಂತೆ.

“ಎಷ್ಟೊತ್ತು ಅತ್ರು?”

“ಬಸ್ ಹೊರಡೋ ಟೈಮ್ ಆಗೋವರ್ಗೂ.”

“ನೀನು ಪಕ್ಕದಾಗೆ ಇದ್ಯಾ?”

“ಇದ್ದೆ ಅತ್ತಿಗೆ. ಹೆಗಲ ಮ್ಯಾಲೆ ಕೈ ಇಟ್ಕೊಂಡು ಕೂತಿದ್ದೆ.”

ರುದ್ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಅವನಿಗೆ ಎಲೆ ಹಾಕಿ, ಅನ್ನ ಬಡಿಸಿ, ಎದುರಿಗೆ ಕೂತಳು.

“ಉಣ್ಣು. ಉಣ್ತಾ ಹೇಳು. ಆಮೇಲೆ?”