ಏಳೂವರೆಗೆ ಅಲುಗುವ ಹೆಸರು

ಶಿವಾನಿ ತೀರಿಕೊಂಡು ಏಳು ತಿಂಗಳಾದರೂ ಅವಳ ಹೆಸರು ಪರದೆಯಿಂದ ಹೋಗಿರಲಿಲ್ಲ.

ಮುಳಬಾಗಿಲಿನಲ್ಲಿ ಅವಳೂ ಕಿರಿಯ ಗೆಳತಿ ಕೌಸರೂ ಸೇರಿ ವೆಬ್‌ಸೈಟ್ ಕಟ್ಟುವ ವಿದ್ಯೆ ಕಲಿಸುತ್ತಿದ್ದರು. ಪಾಠಕ್ಕೆಂದು ಶಿವಾನಿ ಬ್ರೌಸರಿನಲ್ಲೇ ತೆರೆಯುವ ನೋಟ್‌ಬುಕ್ ಒಂದನ್ನು ಬರೆಯುತ್ತಿದ್ದಳು. ಅದರಲ್ಲಿ ಪಾಠದ ನಡುನಡುವೆ ಕೋಡ್. ಅಲ್ಲೇ ತಿದ್ದಿ ರನ್ ಒತ್ತಿದರೆ ಫಲ ಕೆಳಗೇ ಮೂಡುತ್ತಿತ್ತು. ಪುಟ ತೆರೆದವರ ಹೆಸರು, ಅವರು ನೋಡುತ್ತಿರುವ ಸಾಲಿನ ಪಕ್ಕ ಹಸಿರಾಗಿ ಕಾಣುತ್ತಿತ್ತು. ಕೊನೆಯ ಪಾಠದ ಸಾಲೊಂದು ಅರ್ಧಕ್ಕೇ ನಿಂತಿತ್ತು. ಅಲ್ಲಿ ಶಿವಾನಿಯ ಹೆಸರಿತ್ತು. ಅದು ಇರುವತನಕ ಆ ಪಾಠವನ್ನು ಬೇರೆಯವರು ತಿದ್ದಲು ನೋಟ್‌ಬುಕ್ ಬಿಡುತ್ತಿರಲಿಲ್ಲ.

"ದಿನಾ ಬೆಳಿಗ್ಗೆ ಏಳೂವರೆಗೆ ಅಲ್ಲಾಡುತ್ತೆ ಅಪ್ಪಾಜಿ," ಎಂದು ಕೌಸರ್, ಕ್ಲಾಸಿಗೆ ಬಂದಿದ್ದ ಶಿವಾನಿಯ ತಂದೆ ಆವಲಪ್ಪನವರಿಗೆ ಹೇಳಿದಳು. "ಮೇಲಕ್ಕೋಗುತ್ತೆ, ಕೆಳಗ್ ಬರುತ್ತೆ, ನಿಂತ್ಬಿಡುತ್ತೆ. ಹುಡುಗೀರು ಬೆಳಗಿನ ಕ್ಲಾಸಿಗೆ ಬರಲ್ಲ ಅಂತಾವ್ರೆ."

ಆವಲಪ್ಪನವರ ಮೈ ಜುಮ್ಮೆಂದಿತು. ಅದು ಪಕ್ಕದ ಊರು ದೇವರಾಯಸಮುದ್ರದ ಮನೆಯಲ್ಲಿ ಅವರು ಪೂಜೆಗೆ ಕೂರುವ ಹೊತ್ತು. ಮಗಳು ಆ ಹೊತ್ತು ನೋಡಿಯೇ ಬರುತ್ತಿದ್ದಾಳೆ ಎಂದುಕೊಂಡರು.

"ಸೋಮವಾರ ಹೊಸ ಬ್ಯಾಚು. ಆ ಪಾಠ ಬೇಕೇ ಬೇಕು. ಅಕ್ಕನ ಅಕೌಂಟ್ ತೆಗೆಸ್ಬಿಡ್ಲಾ?"

"ಬೇಡಮ್ಮಾ. ಬರೋಳ್ನ ಬಾಗ್ಲು ಹಾಕಿ ಕಳಿಸ್ತೀಯಾ?"

ಕೌಸರ್ ಮತ್ತೆ ಪರದೆಯ ಹೆಸರನ್ನು ನೋಡಿದಳು. ಆಮೇಲೆ ಏನೋ ಹೊಳೆದು, "ಅಕ್ಕನ ಫೋನ್ ಎಲ್ಲೈತೆ?" ಎಂದಳು.

"ದೇವರ ಮನೇಲಿ. ಆರಿ ಹೋಗ್ದಂಗೆ ನೋಡ್ಕೊಂಡಿದೀನಿ."

ಪರದೆ ತಾನಾಗಿ ಆರದಂತೆ ಶಿವಾನಿಯೇ ಆ ಫೋನಿನಲ್ಲಿ ಮಾಡಿಟ್ಟಿದ್ದಳು. ಅವಳು ಕೊನೆಗೆ ಬರೆಯುತ್ತಿದ್ದ ಪಾಠದ ಪುಟ ಹಾಗೇ ತೆರೆದಿತ್ತು. "ದೇವ್ರಿಗೂ ಫೋನ್ ಬರುತ್ತೇನ್ ಮಾವ?" ಎಂದು ಸೊಸೆ ಅಣಕಿಸಿದರೂ ಅವರು ಚಾರ್ಜರ್ ಕಳಚಲು ಬಿಟ್ಟಿರಲಿಲ್ಲ. ತಿಂಗಳು ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದರು. ದಿನವೂ ದೇವರ ಪಟಗಳನ್ನು ಒರೆಸಿದ ಒದ್ದೆ ಬಟ್ಟೆಯಲ್ಲೇ ಫೋನನ್ನೂ ಒರೆಸಿ, ಅಂಚಿಗೆ ಕುಂಕುಮವಿಡುತ್ತಿದ್ದರು.

ಮರುದಿನ ಅದನ್ನು ಟವೆಲಿನಲ್ಲಿ ಸುತ್ತಿ, ಆರದಂತೆ ಬಸ್ಸಿನಲ್ಲಿ ಕ್ಲಾಸಿಗೆ ತಂದರು.

"ಪೂಜೇಲಿ ಒರೆಸ್ತೀರಲ್ಲಾ, ಹಂಗೇ ಒರೆಸಿ ಅಪ್ಪಾಜಿ," ಎಂದಳು ಕೌಸರ್.

ಒರೆಸಿದರು. ಫೋನಿನಲ್ಲಿ ಪುಟ ಬಟ್ಟೆಯೊಂದಿಗೆ ಸರಿಯಿತು. ಎದುರಿನ ಕಂಪ್ಯೂಟರಿನಲ್ಲಿ ಶಿವಾನಿಯ ಹೆಸರು ಮೇಲಕ್ಕೆ ಹೋಯಿತು, ಕೆಳಗೆ ಬಂತು. ಕೈ ತಡೆದರು. ಅದೂ ನಿಂತಿತು.

"ಹಂಗಾದ್ರೆ... ನಾನೇನಾ?"

"ಹೂಂ ಅಪ್ಪಾಜಿ. ಮಾಫ್ ಮಾಡಿ."

ಫೋನನ್ನು ಮನೆಗೆ ಒಯ್ದು ಮತ್ತೆ ದೀಪದ ಪಕ್ಕ ಇಡಬಹುದಿತ್ತು, ಕೌಸರ್ ಬೇಡವೆನ್ನುತ್ತಿರಲಿಲ್ಲ. ಬೆನ್ನ ಹಿಂದೆ, ಹೊಸ ಬ್ಯಾಚಿಗೆ ಸೇರಲು ಬಂದ ಮೂವರು, ಪಾಠ ಯಾವಾಗ ಎಂದು ಪಿಸುಗುಟ್ಟುತ್ತಿದ್ದರು.

"ಇದನ್ನ ಆರಿಸಿದ್ರೆ ಅವ್ಳ್ ಹೆಸ್ರು?"

"ಹೋಗುತ್ತೆ."

ಆವಲಪ್ಪನವರು ನಾರಾಯಣ ಎಂದು ಗುಂಡಿಯನ್ನು ಒತ್ತಿ ಹಿಡಿದರು. ಫೋನು ಕಪ್ಪಾಯಿತು. ಆದರೆ ಹೆಸರು ಹೋಗಲಿಲ್ಲ.

"ಒಂದ್ ನಿಮಿಷ ಆಗುತ್ತೆ ಅಪ್ಪಾಜಿ," ಎಂದಳು ಕೌಸರ್. "ವಾಪಸ್ ಬರ್ತಾರೇನೋ ಅಂತ ಕಾಯುತ್ತೆ ನೋಟ್‌ಬುಕ್ಕು."

ಕಾದರು. ಬಲಗೈ ಹೆಬ್ಬೆರಳು ತಾನಾಗಿ ಮತ್ತೆ ಗುಂಡಿಯ ಮೇಲೆ ಹೋಯಿತು. ಅವರು ಅದನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತರು, ಹೆಸರು ಮಾಸಿ ಹೋಗುವತನಕ.

ಅರ್ಧ ಸಾಲು ಮಾತ್ರ ಉಳಿಯಿತು. ಅದನ್ನು ಮುಂದುವರಿಸಲು ಕೌಸರಳ ಬೆರಳು ಏಳಲಿಲ್ಲ.

"ಬರಿಯಮ್ಮಾ," ಎಂದರು ಆವಲಪ್ಪನವರು. "ಮಕ್ಳು ಕಾಯ್ತಾವ್ರೆ."