ಒಂದು ತೊಟ್ಟು ಮಗ್ಗದೆಣ್ಣೆ

ಆಯುಧಪೂಜೆಯ ಬೆಳಿಗ್ಗೆ ಕಾಳಿಯಪ್ಪನ್ ತನ್ನ ಪವರ್‌ಲೂಮ್‌ಗಳನ್ನೆಲ್ಲ ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಇಟ್ಟು ಮುಗಿಸಿದ್ದ. ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು. ಎಲ್ಲಿ ಬಂತು? ಮಗಳು ಇಲಕ್ಕಿಯಾ ದೇವರ ಮುಂದೆ ಇಟ್ಟಿದ್ದ ಪಿಸ್ತೂಲಿನ ಪೆಟ್ಟಿಗೆ ಅವನ ಕಣ್ಣಿಗೆ ಬಿತ್ತು. ಮುಚ್ಚಿದ ಪೆಟ್ಟಿಗೆಗೆ ಪೂಜೆ ಮಾಡಿದರೆ ಅದೂ ಒಂದು ಪೂಜೆಯೇ? ನೇಕಾರರ ಮನೆಯಲ್ಲಿ ಎಣ್ಣೆ ಕಾಣದ ಸಾಮಾನು ಕುಲದೇವಿ ಸೌಡೇಶ್ವರಿಯ ಮುಂದೆ ಕೂತದ್ದುಂಟೇ? ಮಗಳು ಸ್ನಾನಕ್ಕೆ ಹೋದದ್ದೇ ತಡ, ಮುಚ್ಚಳ ತೆಗೆದ. ಎಣ್ಣೆಡಬ್ಬಿಯ ಉದ್ದ ಮೂತಿಯನ್ನು ಟ್ರಿಗರ್ ಸಂದಿಗೆ ತೂರಿಸಿ ಒಂದು ತೊಟ್ಟು ಬಿಟ್ಟ. "ತಾಯೀ, ನನ್ನ ಮಗಳು, ನನ್ನ ಕಣ್ಣು, ಗೆದ್ದು ಬರ್ಲಿ" ಎಂದು ಕೈಮುಗಿದು, ಪೆಟ್ಟಿಗೆಯನ್ನು ಮೊದಲಿದ್ದ ಹಾಗೇ ಮುಚ್ಚಿಟ್ಟ.

ಪಿಸ್ತೂಲು ಮನೆಯದಲ್ಲ. ಗಾಳಿಯ ಒತ್ತಡದಿಂದ ಗುರಿಗೆ ಸೀಸದ ಚೂರು ಹಾರಿಸುವ ಪಂದ್ಯದ ಪಿಸ್ತೂಲು ಅದು, ಪೆರಿಯನಾಯಕನಪಾಳ್ಯಂ ಶೂಟಿಂಗ್ ಕ್ಲಬ್ಬಿನದು. ಅಂಥದೊಂದನ್ನು ಕೊಳ್ಳುವ ಯೋಗ್ಯತೆ ಮಗ್ಗದ ಮನೆಗೆ ಎಲ್ಲಿಂದ ಬರಬೇಕು? ಕ್ಲಬ್ಬು ಇದ್ದರೆ ಇಲಕ್ಕಿಯಾಳ ಆಟ ಉಂಟು, ಇಲ್ಲದಿದ್ದರೆ ಇಲ್ಲ. ಇವಳನ್ನು ಬಿಟ್ಟು ಬೇರೆ ಯಾರೂ ಇದನ್ನು ಮುಟ್ಟಕೂಡದು ಎಂದು ಕೋಚ್ ಸೆಂದಿಲ್ ಅಪ್ಪನ ಮುಖ ನೋಡಿಯೇ ಹೇಳಿದ್ದ. ಅಪ್ಪ ದೊಡ್ಡದಾಗಿ ತಲೆಯಾಡಿಸಿಯೂ ಇದ್ದ.

ಹಬ್ಬದ ರಜೆಯಲ್ಲಿ ಅಭ್ಯಾಸ ಇರಲಿಲ್ಲ. ಪೂಜೆ ಕಳೆದ ಮೇಲೆ ನೇರ ಕೊಯಮತ್ತೂರಿನಲ್ಲಿ ಪಂದ್ಯ. ಮೊದಲ ಮೂವರಿಗೆ ರಾಜ್ಯ ತಂಡದಲ್ಲಿ ಜಾಗ. ಬಸ್ಸು ತಡವಾಯಿತು. ಟ್ರಿಗರ್ ಎಷ್ಟು ಭಾರ ತಡೆಯುತ್ತದೆ ಎಂದು ಬೇಕಾದವರು ಮೊದಲೇ ನೋಡಿಕೊಳ್ಳುವ ಮೇಜಿನ ಮುಂದೆ ಉದ್ದ ಸಾಲಿತ್ತು. ಹಬ್ಬಕ್ಕೆ ಮೊದಲೇ ಸೆಂದಿಲ್ ಎಲ್ಲ ನೋಡಿ, ಇರಬೇಕಾದಷ್ಟೇ ಬಿಗಿ ಮಾಡಿಕೊಟ್ಟಿದ್ದ. ಆ ಧೈರ್ಯದಲ್ಲಿ ಅವಳು ಸಾಲು ಬಿಟ್ಟು ಒಳಗೆ ಹೋದಳು.

ಎರಡನೆಯವಳಾಗಿ ಬಂದಳು. ಅಪ್ಪನ ಬಳಿಗೆ ಓಡಿಬಂದು, "ಇವತ್ತು ಬೆರಳು ಇಟ್ರೆ ಸಾಕಪ್ಪಾ, ತಾನೇ ಬಿಡ್ತಿತ್ತು. ಯಾವತ್ತೂ ಹಿಂಗೆ ಆಗಿಲ್ಲ" ಎಂದಳು. ಕಾಳಿಯಪ್ಪನ್ ಹಿಗ್ಗಿ ಹೀರೇಕಾಯಿಯಾದ. ತಾಯಿ ಸೌಡೇಶ್ವರಿ ಕಣ್ಣು ಬಿಟ್ಟಳು ಎಂದುಕೊಂಡ.

ಅಷ್ಟರಲ್ಲಿ ಮೇಜಿನವರು ಇಲಕ್ಕಿಯಾಳ ಹೆಸರು ಕೂಗಿದರು. ಪಂದ್ಯದ ನಂತರ ಕೆಲವರ ಪಿಸ್ತೂಲನ್ನು ಚೀಟಿ ಎತ್ತಿ ಪರೀಕ್ಷೆ ಮಾಡುತ್ತಾರೆ. ಟ್ರಿಗರ್ ತೀರಾ ಹಗುರ ಇರಕೂಡದು, ಅರ್ಧ ಕಿಲೋ ಭಾರವನ್ನಾದರೂ ತಡೆಯಬೇಕು. ಅಧಿಕಾರಿ ಪಿಸ್ತೂಲಿನ ಮೂತಿ ಮೇಲೆ ಮಾಡಿ, ಟ್ರಿಗರ್‌ಗೆ ತೂಕ ಸಿಕ್ಕಿಸಿ, ಮೆಲ್ಲಗೆ ಎತ್ತಿದ. ತೂಕ ಮೇಜು ಬಿಡುವ ಮೊದಲೇ ಟಕ್ ಎಂದಿತು. ಮತ್ತೆ ಎತ್ತಿದ, ಟಕ್. ಮೂರನೆಯ ಸಲವೂ ಅದೇ. ಪಟ್ಟಿಯಿಂದ ಅವಳ ಹೆಸರು ಹೋಯಿತು.

ಸೆಂದಿಲ್‌ನ ಮುಖ ಕಪ್ಪಿಟ್ಟಿತು. ಟ್ರಿಗರ್ ಸಂದಿಗೆ ಬಿಳಿ ಬಟ್ಟೆ ಒತ್ತಿ ತೆಗೆದರೆ ಎಣ್ಣೆಯ ಕಲೆ. "ಇದನ್ನ ಬಿಚ್ಚಿದ್ದು ಯಾರು?" ಎಂದು ತಮಿಳಿನಲ್ಲಿ ಕೇಳಿದ. ಇಲಕ್ಕಿಯಾ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು. ಹುಟ್ಟಿದಂದಿನಿಂದ ಮೂಗಿಗೆ ಅಂಟಿಕೊಂಡ ವಾಸನೆ, ತಿಳಿಯದೇ ಇರುತ್ತದೆಯೇ? ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನೀವೇನಾರ ಎಣ್ಣೆ ಬಿಟ್ರಾ?" ಮನೆಮಾತಾದ ಕನ್ನಡದಲ್ಲಿ, ಮೆಲ್ಲಗೆ ಕೇಳಿದಳು.

ಕಾಳಿಯಪ್ಪನ್ ಕಣ್ಣೆತ್ತಿದ. ಎದುರಿಗೆ ಸೆಂದಿಲ್, ಪಕ್ಕದಲ್ಲಿ ಕೋಟಿನ ಅಧಿಕಾರಿ, ಸುತ್ತ ಇಂಗ್ಲಿಷು ಆಡುವ ತಂದೆತಾಯಿಯರು. ಅಷ್ಟು ಜನರ ಮುಂದೆ ಸಣ್ಣವನಾಗಲು ಅವನಿಂದ ಆಗಲಿಲ್ಲ.

"ಇಲ್ಲ ಕಣ್ಣು. ನಾನ್ಯಾಕೆ ಮುಟ್ಲಿ?"

ಅವಳು ಆ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು. ಆಮೇಲೆ ಸೆಂದಿಲ್ ಕಡೆ ತಿರುಗಿ ತಮಿಳಿನಲ್ಲಿ, "ನಾನೇ ಬಿಟ್ಟೆ ಅಣ್ಣಾ" ಎಂದಳು.

"ಟ್ರಿಗರ್‌ಗೆ ಕೈಹಾಕಿ ಮೋಸ ಮಾಡೋಳಿಗೆ ನನ್ನ ಕ್ಲಬ್ಬಲ್ಲಿ ಜಾಗ ಇಲ್ಲ. ನಾಳೆಯಿಂದ ಬರಬೇಡ." ಸೆಂದಿಲ್ ಪೆಟ್ಟಿಗೆ ಮುಚ್ಚಿ ಎತ್ತಿಕೊಂಡು ಹೊರಟ.

ಆಗಲಾದರೂ ಬಾಯಿ ಬಿಡಬಹುದಿತ್ತಲ್ಲ, ಪುಣ್ಯಾತ್ಮ. ಸೆಂದಿಲ್‌ನ ಬೆನ್ನು ಇನ್ನೂ ಬಾಗಿಲು ದಾಟಿರಲಿಲ್ಲ. ಕಾಳಿಯಪ್ಪನ್ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

ಇಬ್ಬರೂ ಉಕ್ಕಡಂ ಬಸ್‌ಸ್ಟ್ಯಾಂಡಿಗೆ ಬಂದರು. ಅಲ್ಲಿ ಕಲ್ಲಿನ ಬೆಂಚಿನ ಮೇಲೆ ಕೂತಾಗ ಅವನಿಗೆ ತಡೆಯಲಾಗಲಿಲ್ಲ.

"ಸಾಮಿ ಮುಂದೆ ಮಡಗಿದ್ದಾಗ ಒಂದೇ ಒಂದು ತೊಟ್ಟು ಬಿಟ್ಟೆ ಕಣ್ಣು. ನಾಳೆ ಸೆಂದಿಲ್ ಕಾಲಿಗೆ ಬಿದ್ದಾದ್ರೂ ಹೇಳ್ತೀನಿ."

"ಬೇಡ. ಆಗ ಅಪ್ಪನ್ನ ಉಳಿಸೋಕೆ ಮಗಳು ಸುಳ್ಳು ಹೇಳಿದ್ಲಾ, ಈಗ ಮಗಳನ್ನ ಉಳಿಸೋಕೆ ಅಪ್ಪ ಸುಳ್ಳು ಹೇಳ್ತಾನಾ ಅಂತಾರೆ. ಯಾರು ನಂಬ್ತಾರೆ?"

"ಅಷ್ಟು ಜನ ಇದ್ರಲ್ಲ, ನಾಚಿಕೆ ಆಯ್ತು."

"ನಾನು ಕನ್ನಡದಲ್ಲಿ ತಾನೇ ಕೇಳ್ದೆ ಅಪ್ಪಾ? ಅಲ್ಲಿದ್ದೋರು ಒಬ್ರಿಗೂ ತಿಳೀತಿರ್ಲಿಲ್ಲ. ನನಗೊಬ್ಬಳಿಗೆ ಹೌದು ಅಂದಿದ್ರೆ ಅಷ್ಟೇ ಸಾಕಾಗ್ತಿತ್ತು."

ಬಸ್ಸು ಬಂತು. ಕಾಳಿಯಪ್ಪನ್ ಇಬ್ಬರು ಕೂರುವ ಸೀಟು ಹಿಡಿದು, ಪಕ್ಕದಲ್ಲಿ ಟವೆಲ್ ಹಾಸಿ ಮಗಳಿಗೆ ಜಾಗ ಇಟ್ಟ. ಅವಳು ಅದನ್ನು ನೋಡಿಕೊಂಡೇ ಮುಂದೆ ಹೋಗಿ, ಗುರುತಿಲ್ಲದ ಹೆಂಗಸೊಬ್ಬಳ ಪಕ್ಕದಲ್ಲಿ ಕೂತಳು.