ಸೋಮನಿಗೆ ಕಣ್ಣು ತೆರೆದದ್ದು

ಬಟವಾಡಿಯಲ್ಲಿ ನನ್ನದು ಬಾಗಿಲು, ಕಿಟಕಿ, ವಾರ್ಡ್‌ರೋಬ್ ಮಾಡುವ ಅಂಗಡಿ. ಪ್ಲೈವುಡ್‌ಗೆ ಅಂಟು ಬಳಿಯುವವನನ್ನೂ ಈಗ ಬಡಗಿ ಅನ್ನುತ್ತಾರೆ, ಅನ್ನಲಿ. ನಮ್ಮ ಅಬ್ಬಾ ಸೋಮನ ಮುಖ ಕೆತ್ತುತ್ತಿದ್ದವರು. ಗ್ರಾಮದೇವತೆ ಮನೆಮನೆಗೆ ಹೊರಟಾಗ ಅವಳ ಮುಂದೆ ಕುಣಿಯುವ ಕಾವಲುಗಾರನೇ ಸೋಮ. ಕೆಂಪು ಬಳಿದ ಆ ದೊಡ್ಡ ಮರದ ಮುಖವನ್ನು ಕುಣಿಯುವವನು ತಲೆಯ ಮೇಲೆ ಹೊರುತ್ತಾನೆ.

ಅದರ ಕಣ್ಣನ್ನು ಮಾತ್ರ ಅಬ್ಬಾ ಕೆತ್ತುತ್ತಿರಲಿಲ್ಲ. ಹೊರುವವನೇ ಕೈಯಾರೆ ಉಳಿ ಹಿಡಿದು ತೆರೆಯಬೇಕು ಅನ್ನುವುದು ಸೋಮ ಕುಣಿಯುವ ಊರುಗಳ ಕಟ್ಟಳೆ. ಕಣ್ಣಿಟ್ಟರೆ ಜೀವ ಕೊಟ್ಟಂತೆ, ಜೀವ ಕೊಡುವವನು ಅಲ್ಲಾಹ್ ಒಬ್ಬನೇ ಅನ್ನುವ ನಮ್ಮ ಮನೆಗೂ ಅದೇ ಬೇಕಿತ್ತು. ಅಬ್ಬಾ ತೀರಿಕೊಂಡಾಗ ನಮ್ಮಮ್ಮಿ ಅಖ್ತರ್ ಬಾನು ನನ್ನಿಂದ ಮಾತು ತೆಗೆದುಕೊಂಡಳು: ಮುಖ ಬೇಕಾದರೆ ಮಾಡು, ಕಣ್ಣು ಇಡಬೇಡ.

ಈ ವರ್ಷ ಗೂಳೂರಿನಾಚೆಯ ಹಳ್ಳಿಯಿಂದ ಚಿಕ್ಕಬೋರಯ್ಯ ಬಂದರು. ಎಪ್ಪತ್ತು ದಾಟಿದ ಜೀವ. ಸೋಮ ಹೊರುತ್ತಿದ್ದ ಅವರ ಮಗ ಗುಂಡಯ್ಯ ಹೋದ ವರ್ಷ ಹೈವೇಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಸಾವಿನ ಮನೆಯಲ್ಲಿ ಸೋಮನ ಮುಖವಿಟ್ಟ ಪೆಟ್ಟಿಗೆಯನ್ನು ವರ್ಷವಿಡೀ ತೆರೆಯಲಿಲ್ಲ. ತೆರೆದಾಗ ಗೆದ್ದಲು ಅರ್ಧ ಮುಖ ತಿಂದಿತ್ತು.

"ಹೊಸಾದು ಮಾಡ್ಕೊಡು ಪಾಷಾ. ಈ ಸಲ ನಾನೇ ಹೊರ್ತೀನಿ. ಇಲ್ದಿದ್ರೆ ಹೊರೋ ಹಕ್ಕು ಬ್ಯಾರೆ ಮನೆಗೆ ಹೋಯ್ತದೆ. ನನ್ ಮಗಂದು ಅಂತ ಉಳಿದಿರೋದು ಅದೊಂದೇ ಕಣಪ್ಪ."

ಕೆತ್ತಿದೆ. ಹದಿನೆಂಟು ದಿನ ಹಿಡಿಯಿತು. ಒಂದು ಮಧ್ಯಾಹ್ನ ಮಗಳು ಶಾಹೀನ್ ಫೋನ್ ತಂದು ಅಜ್ಜಿಯ ಮುಂದೆ ಹಿಡಿದಳು. ಉದ್ದನೆಯ ನಯವಾದ ಮರದ ಮುಖ, ಅರೆಮುಚ್ಚಿದ ಕಣ್ಣು. "ಆಫ್ರಿಕಾದ ಲಿಗ್ಬಿ ಜನ. ನಮ್ಮ ಹಾಗೇ ಮುಸಲ್ಮಾನರು. ರಂಜಾನ್ ಹಬ್ಬಕ್ಕೆ ಇದನ್ನ ಹಾಕ್ಕೊಂಡು ಕುಣೀತಾರಂತೆ."

"ನಮಾಜ್ ಮಾಡ್ತಾರಾ?"

"ಮಾಡ್ತಾರೆ ಅಜ್ಜಿ."

ಅಮ್ಮಿ ತುಂಬಾ ಹೊತ್ತು ನೋಡಿ ಫೋನ್ ವಾಪಸ್ಸು ಕೊಟ್ಟಳು. ಆ ಬಡಗಿಗೂ ನಮ್ಮಮ್ಮಿಯಂಥ ಒಬ್ಬ ತಾಯಿ ಇದ್ದಿರಬೇಕು, ಕಣ್ಣನ್ನು ಅರ್ಧಕ್ಕೇ ನಿಲ್ಲಿಸಿದ್ದಾನೆ ಅಂದುಕೊಂಡೆ.

ಗ್ರಾಮದೇವತೆಯ ಹಬ್ಬಕ್ಕೆ ಮೂರು ದಿನವಿದ್ದಾಗ ಚಿಕ್ಕಬೋರಯ್ಯ ಸ್ನಾನ ಮಾಡಿ, ಉಪವಾಸವಿದ್ದು ಬಂದರು. ಉಳಿ ಕೊಟ್ಟೆ. ಅವರು ಅದನ್ನು ಸೋಮನ ಕೆನ್ನೆಯ ಮೇಲಿಟ್ಟು ಹೊಡೆಯಲು ಮರದ ಕೊಡತಿ ಎತ್ತಿದರು. ತಟ್ಟನೆ ಕೈ ಹಿಡಿದೆ.

"ಬೋರಣ್ಣ, ಅದು ಕೆನ್ನೆ!"

"ಸಕ್ಕರೆ ಕಾಯ್ಲೆ ಕಣಪ್ಪ. ಮಬ್ಬು ಬಿಟ್ರೆ ಏನೂ ಕಾಣಾಕಿಲ್ಲ."

"ಮೊದ್ಲೇ ಹೇಳೋಕೇನಾಗಿತ್ತು? ಕುಣಿಯೋದು ಹೆಂಗೆ?"

"ನಮ್ಮೂರ ಬೀದಿ ಕಾಲಿಗೆ ಗೊತ್ತೈತೆ. ಊರ್ನೋರಿಗೆ ತಿಳಿದ್ರೆ ಹೊರಾಕೆ ಬುಡ್ತಾರಾ? ಕಣ್ಣು ನೀನೇ ತೆರ್ದುಬುಡು, ಯಾರಿಗೂ ಹೇಳಾಕಿಲ್ಲ."

"ಆಗಲ್ಲ ಬೋರಣ್ಣ. ಮಾತು ಕೊಟ್ಟಿದೀನಿ."

ಅವರು ಉಳಿ ಕೆಳಗಿಟ್ಟರು. ಬೇಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಮಗನನ್ನು ಅವರಿಂದ ಎರಡನೇ ಸಲ ಕಿತ್ತುಕೊಳ್ಳುತ್ತಿದ್ದವನು ನಾನೇ.

ಒಳಗೆ ಎಲ್ಲ ಕೇಳಿಸಿಕೊಂಡಿದ್ದ ಅಮ್ಮಿ ಗೋಡೆ ಹಿಡಿದುಕೊಂಡು ಬಂದಳು. ಸೆರಗು ಸರಿಮಾಡಿಕೊಂಡು ಸೋಮನ ಪಕ್ಕ ಕೂತಳು. ಉಳಿಯನ್ನು ಅವರ ಕೈಗಿಟ್ಟು, ನಾನು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದ ಜಾಗಕ್ಕೆ ಅದರ ಮೊನೆ ತಂದು, ತನ್ನ ಎರಡು ಬೆರಳಿನಿಂದ ಅಲ್ಲಾಡದಂತೆ ಹಿಡಿದಳು.

"ಇಲ್ಲೇ ಬೋರಣ್ಣ. ಹೊಡೀರಿ."

"ಬೆರಳಿಗೆ ಬಿದ್ದೀತು ತಾಯಿ."

"ಬೀಳ್ಲಿ. ಹೊಡೆಯೋ ಕೈ ನಿಮ್ದಾಗಿರ್ಬೇಕು, ಅಷ್ಟೇ."

ನಾನು ದೂರ ನಿಂತು ನೋಡಿದೆ. ಏಟು ಎರಡು ಸಲ ಅವಳ ಬೆರಳಿಗೂ ಬಿತ್ತು. ಅವಳು ತುಟಿ ಕಚ್ಚಿಕೊಂಡಳೇ ಹೊರತು ಬೆರಳು ತೆಗೆಯಲಿಲ್ಲ. ಎಡಗಣ್ಣು ದುಂಡಗೆ ಬಂತು. ಬಲಗಣ್ಣು ಸೊಟ್ಟಗಾಗಿ ಅರ್ಧ ಮುಚ್ಚಿದಂತಾಯಿತು.

ಚಿಕ್ಕಬೋರಯ್ಯ ಹೆಬ್ಬೆರಳಿನಿಂದ ಎರಡನ್ನೂ ಸವರಿದರು. "ಸೊಟ್ಟ ಆಯ್ತಾ ತಾಯಿ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮಿ, ಬಾತುಕೊಂಡ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹೇಳಿದಳು: "ಇಲ್ಲ. ನಿಮ್ಮನ್ನೇ ನೋಡ್ತಾ ಇದಾನೆ."